ಪುಟ್ಟ ಮಕ್ಕಳ ಹಗುರ ಎಕ್ಸಿಮಾ ಮತ್ತು ತಲೆಯ ಒಣ ಹೊಟ್ಟು: ಮನೆಯಲ್ಲಿ ನಿಭಾಯಿಸುವ ಸಮಗ್ರ ಮಾರ್ಗದರ್ಶಿ

ಕೂಸಿನ ಕೆನ್ನೆ ಒರಟಾಗಿದೆ. ಎತ್ತಿಕೊಂಡರೆ ಸಾಕು, ಮುಖವನ್ನು ನಿಮ್ಮ ಭುಜಕ್ಕೆ ಉಜ್ಜುತ್ತದೆ. ಇನ್ನೊಂದು ಮನೆಯಲ್ಲಿ ಎರಡು ವರ್ಷದ ಮಗು ನಿದ್ದೆಯಲ್ಲೇ ಮಂಡಿಯ ಹಿಂದೆ ಪರಪರ ಕೆರೆದುಕೊಳ್ಳುತ್ತದೆ. ಬಂದವರೆಲ್ಲ ಒಂದೊಂದು ಮದ್ದು ಹೇಳಿ ಹೋಗುತ್ತಾರೆ. ನಂಜು ಬಿಡಿ, ಬೇವಿನ ನೀರು ಹಾಕಿ, ಅರಿಶಿನ ಹಚ್ಚಿ, ಮೆಡಿಕಲ್ ಶಾಪಿನಲ್ಲಿ ಇಂಥ ಟ್ಯೂಬ್ ಕೇಳಿ, ಎರಡೇ ದಿನದಲ್ಲಿ ಮಾಯ ಅಂತಾರೆ.

ಹಗುರ ಎಕ್ಸಿಮಾಗೆ, ಅಂದರೆ ಇಸುಬಿಗೆ, ಇಷ್ಟೊಂದು ಮದ್ದು ಬೇಕಾಗಿಲ್ಲ. ಚರ್ಮವನ್ನು ಕೆರಳಿಸುತ್ತಿರುವ ವಸ್ತುಗಳನ್ನು ನಿಲ್ಲಿಸಬೇಕು. ದಿನವೂ ಧಾರಾಳವಾಗಿ ಮಾಯಿಶ್ಚರೈಸರ್ ಹಚ್ಚಬೇಕು. ಜಾಸ್ತಿಯಾದಾಗ ಸರಿಯಾದ ಮುಲಾಮನ್ನು ಸರಿಯಾದಷ್ಟು ದಿನ ಬಳಸಬೇಕು. ಬಹುಪಾಲು ಮಕ್ಕಳಿಗೆ ಇಷ್ಟೇ ಸಾಕು. ಆದರೆ ಇದನ್ನು ಬಿಡದೆ ಮಾಡಬೇಕು, ಕಷ್ಟ ಇರುವುದು ಅಲ್ಲೇ.

ಹಂತ 1: ಇದು ಎಕ್ಸಿಮಾನೇ ಹೌದಾ ನೋಡಿ

ಒಂದು ವರ್ಷದೊಳಗಿನ ಕೂಸಿಗೆ ಇದು ಕೆನ್ನೆ, ಹಣೆ, ತಲೆ ಮತ್ತು ಕೈಕಾಲಿನ ಹೊರಭಾಗದಲ್ಲಿ ಕಾಣುತ್ತದೆ. ಡೈಪರ್ ಕಟ್ಟುವ ಜಾಗ ಸಾಮಾನ್ಯವಾಗಿ ಚೆನ್ನಾಗೇ ಇರುತ್ತದೆ. ಎರಡು ವರ್ಷ ದಾಟಿದ ಮೇಲೆ ಮೊಣಕೈ ಮಡಿಕೆ, ಮಂಡಿಯ ಹಿಂಭಾಗ, ಕತ್ತು, ಮಣಿಕಟ್ಟು ಇವೇ ಅದರ ಜಾಗ. ತುರಿಕೆ ಇದ್ದೇ ಇರುತ್ತದೆ. ತುರಿಕೆಯೇ ಇಲ್ಲ ಅಂದರೆ ಬೇರೆ ಕಾರಣ ಹುಡುಕಬೇಕು. ಅಪ್ಪ, ಅಮ್ಮ ಅಥವಾ ಅಕ್ಕ ಅಣ್ಣಂದಿರಿಗೆ ಉಬ್ಬಸವೋ, ಬೆಳಗಾದರೆ ಸಾಲು ಸಾಲು ಸೀನೋ ಇದ್ದರೆ ಎಕ್ಸಿಮಾ ಇರುವ ಸಾಧ್ಯತೆ ಇನ್ನೂ ಜಾಸ್ತಿ.

ಅಂತರ್ಜಾಲದ ಚಿತ್ರಗಳಲ್ಲಿ ಎಕ್ಸಿಮಾ ಅಂದರೆ ಕೆಂಪು ಕೆಂಪು ಕಲೆ. ನಮ್ಮ ಮಕ್ಕಳ ಕಂದು ಮೈಯಲ್ಲಿ ಅದು ಹಾಗೆ ಕಾಣುವುದಿಲ್ಲ. ಕಡುಕಂದು, ನೇರಳೆ ಅಥವಾ ಬೂದು ಬಣ್ಣದಲ್ಲಿ ಇರುತ್ತದೆ. ಎಷ್ಟೋ ಸಲ ಬಣ್ಣವೇ ಬದಲಾಗಿರುವುದಿಲ್ಲ, ಸಣ್ಣ ಸಣ್ಣ ಬೊಕ್ಕೆ ಮಾತ್ರ ಎದ್ದಿರುತ್ತವೆ. ಹಾಗಾಗಿ ಕಣ್ಣಿಗಿಂತ ಬೆರಳನ್ನು ನಂಬಿ. ಕಣ್ಣು ಮುಚ್ಚಿ ಮಗುವಿನ ಎರಡೂ ಕೈ ಮೇಲೆ ಬೆರಳಾಡಿಸಿ ನೋಡಿ. ಒರಟು ಜಾಗ, ಬಿಸಿ ಜಾಗ ತಕ್ಷಣ ಸಿಗುತ್ತದೆ.

ಇದರ ಹಾಗೇ ಕಾಣುವ ಬೇರೆ ತೊಂದರೆಗಳೂ ಇವೆ. ಮನೆಯಲ್ಲಿ ಇನ್ನೂ ಇಬ್ಬರಿಗೆ ತುರಿಕೆ, ಅದೂ ರಾತ್ರಿ ಹೊತ್ತು ಜಾಸ್ತಿ, ಬೆರಳ ಸಂದಿಯಲ್ಲಿ ಗುಳ್ಳೆ ಅಂದರೆ ಅದು ಕಜ್ಜಿ ಇರಬಹುದು. ಆಗ ಮನೆಮಂದಿಗೆಲ್ಲ ಒಟ್ಟಿಗೆ ಚಿಕಿತ್ಸೆ ಆಗಬೇಕು. ಅಂಚು ಎದ್ದು, ನಡುವೆ ತಿಳಿಯಾಗಿ ಉಂಗುರದ ಹಾಗೆ ಹರಡಿದರೆ ಹುಳುಕಡ್ಡಿ. ದಪ್ಪಗೆ ಎದ್ದು ಕೆಲವೇ ಗಂಟೆಗಳಲ್ಲಿ ಮಾಯವಾಗಿ ಇನ್ನೊಂದು ಕಡೆ ಏಳುವುದು ಗಂಧೆ. ಬೇಸಿಗೆಯಲ್ಲಿ ಕತ್ತು, ಬೆನ್ನಿನ ಮೇಲೆ ಏಳುವ ಬೆವರುಸಾಲೆಯನ್ನು ನೀವೇ ಗುರುತಿಸುತ್ತೀರಿ.

ಕೆನ್ನೆ ಮೇಲೆ ಮಸುಕಾದ ಬಿಳಿ ಮಚ್ಚೆ ಬಂದರೆ ತೊನ್ನು ಅಂತ ಹೆದರುವವರು, ಜಂತುಹುಳು ಅಥವಾ ಕ್ಯಾಲ್ಸಿಯಂ ಕೊರತೆ ಅಂತ ಔಷಧಿ ಕುಡಿಸುವವರು ಬಹಳ. ಅದರ ಮೇಲೆ ಸಣ್ಣ ಹೊಟ್ಟಿದ್ದು, ಅಂಚು ಸ್ಪಷ್ಟವಾಗಿಲ್ಲದಿದ್ದರೆ ಅದು ಬಹುತೇಕ ಒಣ ಚರ್ಮದ ಒಂದು ರೂಪ. ಬಿಸಿಲಿಗೆ ಸುತ್ತಲಿನ ಚರ್ಮ ಕಪ್ಪಾದಾಗ ಇನ್ನೂ ಎದ್ದು ಕಾಣುತ್ತದೆ. ಮಾಯಿಶ್ಚರೈಸರ್ ಹಚ್ಚುತ್ತಾ ಹೋದರೆ ಕೆಲವು ತಿಂಗಳಲ್ಲಿ ಬಣ್ಣ ಕೂಡುತ್ತದೆ. ಸುಣ್ಣದಷ್ಟು ಬೆಳ್ಳಗಿದ್ದು ಅಂಚು ಚೂಪಾಗಿದ್ದರೆ ಮಾತ್ರ ಚರ್ಮದ ಡಾಕ್ಟರಿಗೆ ತೋರಿಸಿ.

ಈ ಬರಹ ಹಗುರ ಎಕ್ಸಿಮಾಗೆ ಮಾತ್ರ. ಅಲ್ಲಲ್ಲಿ ಒಣ ಚರ್ಮ, ಆಗಾಗ ತುರಿಕೆ, ನಿದ್ದೆಗೆ ದೊಡ್ಡ ತೊಂದರೆ ಇಲ್ಲ, ಎಲ್ಲೂ ರಸ ಸೋರುತ್ತಿಲ್ಲ ಅನ್ನುವಂಥದ್ದು.

ಹಂತ 2: ಸ್ನಾನದ ರೀತಿ ಬದಲಿಸಿ

ಎಲ್ಲಕ್ಕಿಂತ ಹೆಚ್ಚು ಬದಲಾವಣೆ ಬೇಕಿರುವುದು ಇಲ್ಲಿ. ನಮ್ಮಲ್ಲಿ ಕೂಸಿಗೆ ನೀರು ಹಾಕುವುದು ಒಂದು ದೊಡ್ಡ ಕಾರ್ಯ. ಅಜ್ಜಿಯೋ, ನೀರು ಹಾಕಲು ಬರುವ ಹೆಂಗಸೋ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಹೊಗೆಯಾಡುವ ನೀರನ್ನು ಚೊಂಬು ಚೊಂಬು ಹೊಯ್ಯುತ್ತಾರೆ. ಆಮೇಲೆ ಕಡಲೆಹಿಟ್ಟೋ ಹೆಸರುಹಿಟ್ಟೋ ಹಾಕಿ ಉಜ್ಜುತ್ತಾರೆ. ಕೊನೆಗೆ ಸಾಂಬ್ರಾಣಿ ಹೊಗೆ. ಅದರಲ್ಲಿರುವ ಆರೈಕೆ, ಮೈ ನೀವುವ ಕೈ, ಆಮೇಲೆ ಬರುವ ಗಾಢ ನಿದ್ದೆ ಇವೆಲ್ಲ ಮಗುವಿಗೆ ಒಳ್ಳೆಯದೇ. ಎಕ್ಸಿಮಾ ಇರುವ ಮಗುವಿಗೆ ಒಗ್ಗದೇ ಇರುವುದು ನಾಲ್ಕು: ಸುಡು ನೀರು, ಹಿಟ್ಟು, ಗಟ್ಟಿಯಾಗಿ ಉಜ್ಜುವುದು, ಹೊಗೆ. ಈ ನಾಲ್ಕನ್ನು ಬಿಟ್ಟು ಉಳಿದದ್ದನ್ನು ಹಾಗೇ ಇಟ್ಟುಕೊಳ್ಳಿ. ಅಜ್ಜಿಗೂ ಹೀಗೆ ಹೇಳಿದರೆ ಒಪ್ಪುತ್ತಾರೆ.

ನೀರು ಉಗುರುಬೆಚ್ಚಗೆ, ಮೈ ಬಿಸಿಯಷ್ಟೇ, ಸುಮಾರು 37 ಡಿಗ್ರಿ ಇರಲಿ. ಮೊಣಕೈ ಒಳಭಾಗಕ್ಕೆ ಹಾಕಿಕೊಂಡರೆ ಬಿಸಿ ಅಂತಲೂ ತಣ್ಣಗೆ ಅಂತಲೂ ಅನ್ನಿಸಬಾರದು. ಬಿಸಿನೀರು ಚರ್ಮದ ಮೇಲಿರುವ ಜಿಡ್ಡನ್ನು ತೊಳೆದು ಹಾಕುತ್ತದೆ. ಆ ಜಿಡ್ಡೇ ನೀರನ್ನು ಒಳಗೆ ಹಿಡಿದಿಡುವುದು. ದಿನಕ್ಕೆ ಒಂದು ಸ್ನಾನ, ಐದರಿಂದ ಹತ್ತು ನಿಮಿಷ ಸಾಕು.

ಹಿಟ್ಟಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಎಕ್ಸಿಮಾ ಇರುವ ಮಗುವಿನ ಚರ್ಮದಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಎಷ್ಟೋ ಮಕ್ಕಳಲ್ಲಿ ಫಿಲಾಗ್ರಿನ್ ಅನ್ನುವ ಪ್ರೋಟೀನ್ ಹುಟ್ಟಿನಿಂದಲೇ ಕಡಿಮೆ ಇರುವುದು ಇದಕ್ಕೆ ಕಾರಣ. ಹಿಟ್ಟಿನ ತರಿ ಈ ಚರ್ಮವನ್ನು ಗೀರುತ್ತದೆ. ಅದಕ್ಕಿಂತ ಮುಖ್ಯ ವಿಷಯ ಇನ್ನೊಂದಿದೆ. ಆಹಾರದ ಪ್ರೋಟೀನು ಬಾಯಿಯ ಮೂಲಕ ಹೋದರೆ ದೇಹ ಅದನ್ನು ಒಪ್ಪಿಕೊಳ್ಳುತ್ತದೆ. ಬಿರುಕುಬಿಟ್ಟ ಚರ್ಮದ ಮೂಲಕ ಹೋದರೆ ಶತ್ರು ಅಂದುಕೊಂಡು ಅಲರ್ಜಿ ಬೆಳೆಸಿಕೊಳ್ಳಬಹುದು. ಹಾಗಾಗಿ ಕಡಲೆಹಿಟ್ಟು, ಹಾಲಿನ ಕೆನೆ, ಬಾದಾಮಿ ಪೇಸ್ಟ್, ಕಡಲೆಕಾಯಿ ಎಣ್ಣೆ ಯಾವುದನ್ನೂ ಈ ಮಕ್ಕಳ ಮೈಗೆ ಹಚ್ಚಬೇಡಿ. ತಿನ್ನುವ ವಯಸ್ಸು ಬಂದಾಗ ತಿನ್ನಿಸಿ.

ಸಾಮಾನ್ಯ ಸೋಪು ಕ್ಷಾರ, ಅದರ ಪಿಎಚ್, ಅಂದರೆ ಹುಳಿ ಕ್ಷಾರದ ಅಳತೆ, 9ರಿಂದ 10ರ ಆಸುಪಾಸು. ಚರ್ಮದ್ದು 5ರ ಸುತ್ತ. ವಾಸನೆಯಿಲ್ಲದ, ಪಿಎಚ್ 5.5 ಅಂತ ಬರೆದಿರುವ ಸಿಂಡೆಟ್ ಬಾರ್ (ಸೋಪಿನ ಹಾಗೇ ಕಾಣುವ, ಆದರೆ ಸೋಪಲ್ಲದ ಬಿಲ್ಲೆ) ಅಥವಾ ಕ್ಲೆನ್ಸರ್ ತನ್ನಿ. ಅದನ್ನೂ ಮೈಗೆಲ್ಲ ಹಾಕಬೇಕಿಲ್ಲ. ಕಂಕುಳು, ತೊಡೆಸಂದಿ, ಕೈಕಾಲಿಗೆ ಸಾಕು. ಸ್ನಾನದ ನೀರಿಗೆ ಡೆಟಾಲ್, ಉಪ್ಪು, ಬೇವಿನ ಸೊಪ್ಪಿನ ಕಷಾಯ ಬೇಡ. ನೀರಿಗೆ ಬೆರೆಸುವ ದುಬಾರಿ ಬಾತ್ ಆಯಿಲ್‌ಗೂ ದುಡ್ಡು ಹಾಕಬೇಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮಕ್ಕಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾಮೂಲಿ ಆರೈಕೆಯ ಜೊತೆ ಅದನ್ನೂ ಬಳಸಿದ್ದಕ್ಕೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಬೋರ್‌ವೆಲ್ ಗಡಸು ನೀರಿನ ಬಗ್ಗೆ ಬೆಂಗಳೂರು, ಕೋಲಾರ, ತುಮಕೂರು ಕಡೆಯ ತಂದೆತಾಯಿ ತುಂಬಾ ಕೇಳುತ್ತಾರೆ. ಗಡಸು ನೀರಿನಲ್ಲಿ ಸೋಪು ಸರಿಯಾಗಿ ಹೋಗದೆ ಮೈಮೇಲೆ ಪದರವಾಗಿ ಉಳಿಯುತ್ತದೆ, ಅದು ನಿಜ. ಅದಕ್ಕೆಂದೇ ಮನೆಗೆ ನೀರಿನ ಗಡಸು ತೆಗೆಯುವ ಸಾಫ್ಟ್‌ನರ್ ಹಾಕಿಸಿದರೆ ಎಕ್ಸಿಮಾ ಇಳಿಯುತ್ತದೆಯೇ ಅಂತ ಇಂಗ್ಲೆಂಡಿನಲ್ಲಿ 336 ಮಕ್ಕಳ ಮೇಲೆ ನೋಡಿದರು. 2011ರಲ್ಲಿ ಫಲಿತಾಂಶ ಬಂತು, ಉಪಯೋಗ ಆಗಿರಲಿಲ್ಲ. ಆ ದುಡ್ಡನ್ನು ಒಳ್ಳೆ ಮಾಯಿಶ್ಚರೈಸರ್‌ಗೆ ಇಡಿ. ಸೋಪು ಕಡಿಮೆ ಮಾಡಿ, ಕೊನೆಗೆ ಎರಡು ಚೊಂಬು ನೀರು ಜಾಸ್ತಿ ಹಾಕಿ.

ಹಂತ 3: ಮೂರು ನಿಮಿಷದೊಳಗೆ ಮಾಯಿಶ್ಚರೈಸರ್

ಸ್ನಾನ ಆದ ಮೇಲೆ ಹಳೇ ಮೆತ್ತನೆ ಪಂಚೆಯಲ್ಲಿ ಒತ್ತಿ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ. ಮೈ ಇನ್ನೂ ಸ್ವಲ್ಪ ತೇವ ಇರುವಾಗಲೇ, ಎರಡು ಮೂರು ನಿಮಿಷದೊಳಗೆ ಹಚ್ಚಿ. ಡಬ್ಬಿಯನ್ನು ಬಚ್ಚಲ ಬಾಗಿಲಲ್ಲೇ ಇಟ್ಟುಕೊಳ್ಳಿ. ಹುಡುಕಿ ತರುವಷ್ಟರಲ್ಲಿ ಚರ್ಮ ಒಣಗಿರುತ್ತದೆ.

ಯಾವುದು ಒಳ್ಳೆಯದು? ಆಯಿಂಟ್‌ಮೆಂಟ್ ಎಲ್ಲಕ್ಕಿಂತ ಗಟ್ಟಿ, ಆಮೇಲೆ ಕ್ರೀಮ್, ಕೊನೆಗೆ ಲೋಷನ್. ಲೋಷನ್‌ನಲ್ಲಿ ನೀರೇ ಜಾಸ್ತಿ, ಒಣ ಚರ್ಮಕ್ಕೆ ಸಾಲದು. ಬಿಳಿ ಪೆಟ್ರೋಲಿಯಂ ಜೆಲ್ಲಿ ಅಗ್ಗ, ಯಾವ ಹಳ್ಳಿಯಲ್ಲೂ ಸಿಗುತ್ತದೆ, ಅಲರ್ಜಿ ಆಗುವುದು ಬಹಳ ಅಪರೂಪ. ಬೆಂಗಳೂರು, ಮೈಸೂರು, ಬೆಳಗಾವಿಯ ಡಿಸೆಂಬರ್ ಚಳಿಗೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಮಂಗಳೂರಿನ ಸೆಕೆಗೆ, ರಾಯಚೂರು ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಅದು ಬೆವರು ಕಟ್ಟಿಸಿ ಕಿರಿಕಿರಿ ಮಾಡುತ್ತದೆ. ಆಗ ಕ್ರೀಮ್‌ಗೆ ಬದಲಾಯಿಸಿ. ಯಾವುದೇ ತಂದರೂ ಪರಿಮಳ ಇರಬಾರದು. ‘ಹರ್ಬಲ್’, ‘ನ್ಯಾಚುರಲ್’ ಅಂತ ಬರೆದಿದೆ ಅಂದ ಮಾತ್ರಕ್ಕೆ ಕೆರಳಿಸುವುದಿಲ್ಲ ಅಂತೇನಿಲ್ಲ. ಹೊಸದನ್ನು ಮೊದಲು ಮುಂಗೈ ಒಳಭಾಗದಲ್ಲಿ ಒಂದೆರಡು ದಿನ ಹಚ್ಚಿ ನೋಡಿ.

ಕೊಬ್ಬರಿ ಎಣ್ಣೆ ಆಗುತ್ತದೆಯೇ? ಹಗುರವಾಗಿ ಒಣಗಿದ್ದರೆ ಆಗುತ್ತದೆ. ಫಿಲಿಪ್ಪೀನ್ಸ್‌ನಲ್ಲಿ 117 ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶುದ್ಧ ವರ್ಜಿನ್ ಕೊಬ್ಬರಿ ಎಣ್ಣೆ ಮಿನರಲ್ ಆಯಿಲ್‌ಗಿಂತ ಚೆನ್ನಾಗಿ ಕೆಲಸ ಮಾಡಿತು. ಮಗುವಿಗೆ ಹಿಡಿಸಿದರೆ ಧಾರಾಳವಾಗಿ ಬಳಸಿ. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಬೇಡ. ಇವೆರಡೂ ಚರ್ಮದ ತಡೆಗೋಡೆಯನ್ನು ಇನ್ನಷ್ಟು ಸಡಿಲ ಮಾಡುತ್ತವೆ.

ಹಚ್ಚುವ ರೀತಿ ಹೀಗೆ. ಡಬ್ಬಿಯಿಂದ ತೊಳೆದ ಚಮಚದಲ್ಲಿ ತೆಗೆಯಿರಿ, ಬೆರಳು ಅದ್ದಿದರೆ ರೋಗಾಣು ಒಳಗೆ ಸೇರುತ್ತದೆ. ಎರಡೂ ಅಂಗೈ ನಡುವೆ ಸ್ವಲ್ಪ ಬಿಸಿ ಮಾಡಿ. ತೋಳು, ಕಾಲು, ಹೊಟ್ಟೆ, ಬೆನ್ನಿನ ಮೇಲೆ ಅಲ್ಲಲ್ಲಿ ಇಡಿ. ಕೂದಲು ಬೆಳೆಯುವ ದಿಕ್ಕಿನಲ್ಲಿ, ಮೇಲಿನಿಂದ ಕೆಳಗೆ ಸವರಿ. ಮಸಾಜಿನ ಹಾಗೆ ತಿಕ್ಕಬೇಡಿ. ಚರ್ಮದ ಮೇಲೆ ಮಿರುಗು ಉಳಿಯಬೇಕು. ಎಲ್ಲ ಇಂಗಿಹೋಗಿ ಒಣಗಿದಂತೆ ಕಂಡರೆ ಹಾಕಿದ್ದು ಕಮ್ಮಿ ಅಂತ ಅರ್ಥ. ಜೊಲ್ಲು ಸುರಿಸುವ ಕೂಸಿಗೆ ಊಟಕ್ಕೆ ಮುಂಚೆ ಬಾಯಿ ಸುತ್ತ, ಗಲ್ಲಕ್ಕೆ ಜೆಲ್ಲಿ ಸವರಿ. ಬಾಳೆಹಣ್ಣು, ಟೊಮೆಟೊ ಸಾರು ಚರ್ಮಕ್ಕೆ ತಾಗುವುದಿಲ್ಲ.

ದಿನಕ್ಕೆ ಎರಡು ಸಲ ಕಡ್ಡಾಯ. ಮೈ ಚೆನ್ನಾಗಿ ಕಂಡ ದಿನವೂ ಬಿಡಬೇಡಿ. ಎಷ್ಟು ಬೇಕು ಅಂತ ಗೊತ್ತಾದರೆ ತುಂಬಾ ಜನಕ್ಕೆ ಆಶ್ಚರ್ಯ ಆಗುತ್ತದೆ. ವೈದ್ಯರಿಗೆ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ ಎಕ್ಸಿಮಾ ಇರುವ ಮಕ್ಕಳಿಗೆ ವಾರಕ್ಕೆ 250ರಿಂದ 500 ಗ್ರಾಂ ಅನ್ನುತ್ತದೆ. ಹಗುರ ಎಕ್ಸಿಮಾ ಇರುವ ಸಣ್ಣ ಕೂಸಿಗೆ ಅಷ್ಟು ಹಿಡಿಯುವುದಿಲ್ಲ. ಆದರೆ 50 ಗ್ರಾಂ ಟ್ಯೂಬ್ ಎರಡು ತಿಂಗಳು ಬಂದಿದೆ ಅಂದರೆ ನೀವು ಹಚ್ಚುತ್ತಿರುವುದು ಲೆಕ್ಕಕ್ಕೇ ಇಲ್ಲ.

ಒಂದು ಎಚ್ಚರಿಕೆ. ಜೆಲ್ಲಿ, ಎಣ್ಣೆ ಹಿಡಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ, ಒಗೆದ ಮೇಲೂ ಪೂರ್ತಿ ಹೋಗಿರುವುದಿಲ್ಲ. ದೇವರ ದೀಪ, ಒಲೆಯಿಂದ ದೂರ ಇರಲಿ.

ಹಂತ 4: ತಲೆಯ ಹೊಟ್ಟು

ತಲೆಯ ಹೊಟ್ಟೆಲ್ಲ ಒಂದೇ ಅಲ್ಲ. ವಯಸ್ಸು ನೋಡಿ ಗುರುತಿಸಿ.

ಹುಟ್ಟಿದ ಕೆಲವು ವಾರಕ್ಕೆ ಶುರುವಾಗಿ, ನೆತ್ತಿಯ ಮೇಲೆ ಹಳದಿ, ಜಿಡ್ಡು ಜಿಡ್ಡು ಹಕ್ಕಳೆ ಕೂತಿದ್ದು, ಕೂಸು ಹಾಯಾಗಿದ್ದರೆ ಅದು ಕ್ರೇಡಲ್ ಕ್ಯಾಪ್. ನೋಡುವವರಿಗೆ ಕಷ್ಟ, ಮಗುವಿಗೆ ಏನೂ ಕಷ್ಟ ಇಲ್ಲ. ಬಹುತೇಕ ಒಂದು ವರ್ಷದೊಳಗೆ ತಾನಾಗೇ ಹೋಗುತ್ತದೆ. ತೆಗೆಯಲೇಬೇಕು ಅಂದರೆ ತಲೆಸ್ನಾನಕ್ಕೆ ಕಾಲು ಗಂಟೆ ಮುಂಚೆ ಬೇಬಿ ಆಯಿಲ್ ಅಥವಾ ಜೆಲ್ಲಿಯನ್ನು ಹಕ್ಕಳೆಯ ಮೇಲೆ ಮಾತ್ರ ಸವರಿ. ಮೆದುವಾದ ಮೇಲೆ ಕೂಸಿನ ಮೆತ್ತನೆ ಬ್ರಷ್‌ನಲ್ಲಿ ಸಣ್ಣ ಸುತ್ತುಗಳಲ್ಲಿ ಆಡಿಸಿ. ನೆತ್ತಿಯ ಮೆತ್ತನೆ ಜಾಗ ಮುಟ್ಟಲು ಭಯಪಟ್ಟು ಅಲ್ಲಿ ತೊಳೆಯದೇ ಬಿಡುತ್ತಾರೆ, ಹಕ್ಕಳೆ ಅಲ್ಲೇ ಜಾಸ್ತಿ ಕೂರುತ್ತದೆ. ಮೆಲ್ಲಗೆ ತೊಳೆದರೆ ಏನೂ ಆಗುವುದಿಲ್ಲ. ಆಮೇಲೆ ಬೇಬಿ ಶಾಂಪೂ ಹಾಕಿ ಎಣ್ಣೆಯನ್ನು ಪೂರ್ತಿ ತೆಗೆಯಿರಿ. ಇದು ಬಹಳ ಮುಖ್ಯ. ನೆತ್ತಿಗೆ ಹರಳೆಣ್ಣೆ ಒತ್ತಿ ಇಡೀ ದಿನ ಬಿಡುವ ರೂಢಿ ಇದ್ದರೆ ಹಕ್ಕಳೆ ಇನ್ನೂ ದಪ್ಪವಾಗುತ್ತದೆ. ವಾರಕ್ಕೆ ಎರಡು ಮೂರು ಸಲ ಹೀಗೆ ಮಾಡಿ. ಉಗುರಿನಲ್ಲಿ ಕೀಳಬೇಡಿ, ಗಾಯವಾಗಿ ಕೀವಾಗಬಹುದು. ಹುಬ್ಬು, ಕಿವಿ ಹಿಂದೆ, ಕತ್ತಿನ ಮಡಿಕೆಗೆ ಹರಡಿದರೆ ಡಾಕ್ಟರು ಫಂಗಸ್ ವಿರುದ್ಧದ ಶಾಂಪೂ ಅಥವಾ ಕ್ರೀಮ್ ಕೊಡಬಹುದು.

ಹೊಟ್ಟು ಒಣಗಿದ್ದು, ಬಿಳಿಯಾಗಿದ್ದು, ಮಗು ದಿಂಬಿಗೆ ತಲೆ ತಿಕ್ಕುತ್ತಿದ್ದರೆ ಅದು ಎಕ್ಸಿಮಾ ಅಥವಾ ಸುಮ್ನೆ ಒಣ ತಲೆ. ಇಲ್ಲಿ ಶಾಂಪೂ ಕಡಿಮೆ ಮಾಡಬೇಕು. ವಾರಕ್ಕೆ ಒಂದೆರಡು ಸಲ, ಪರಿಮಳ ಇಲ್ಲದ್ದು, ಚೆನ್ನಾಗಿ ತೊಳೆದು ಬಿಡಿ. ಉಳಿದ ದಿನ ಬರೀ ನೀರು. ರಾತ್ರಿ ಒಂದೆರಡು ಹನಿ ಶುದ್ಧ ಕೊಬ್ಬರಿ ಎಣ್ಣೆ ಅಥವಾ ತೆಳುವಾದ ಮಾಯಿಶ್ಚರೈಸರ್ ಬುಡಕ್ಕೆ ತಾಗುವಂತೆ ಸವರಿ.

ಎರಡರಿಂದ ಹತ್ತು ವರ್ಷದ ಮಕ್ಕಳಿಗೆ ದೊಡ್ಡವರ ಹಾಗೆ ಡ್ಯಾಂಡ್ರಫ್ ಬರುವುದು ಕಡಿಮೆ. ಈ ವಯಸ್ಸಿನಲ್ಲಿ ಹೊಟ್ಟಿನ ಜೊತೆ ಅಲ್ಲಲ್ಲಿ ಕೂದಲು ಉದುರಿದ್ದರೆ, ಕೂದಲು ಬುಡದಲ್ಲೇ ತುಂಡಾಗಿ ಕಪ್ಪು ಚುಕ್ಕೆಯಂತೆ ಕಂಡರೆ, ಅದು ತಲೆಯ ಹುಳುಕಡ್ಡಿ. ಬರೀ ಮುಲಾಮಿಗೆ ಹೋಗುವುದಿಲ್ಲ, ವಾರಗಟ್ಟಲೆ ಬಾಯಿಗೆ ಔಷಧಿ ಬೇಕು. ಬಾಚಣಿಗೆ, ಟೋಪಿಯಿಂದ ಅಕ್ಕಪಕ್ಕದ ಮಕ್ಕಳಿಗೂ ಹರಡುತ್ತದೆ. ತಡ ಮಾಡದೆ ತೋರಿಸಿ. ತುರಿಕೆ ಅಂದ ಕೂಡಲೇ ಕಿವಿ ಹಿಂದೆ ಹೇನು, ಸೀರು ಇದೆಯೇ ಅಂತಲೂ ನೋಡಿಬಿಡಿ.

ಇನ್ನೊಂದನ್ನು ಗಟ್ಟಿಯಾಗಿ ಹೇಳಬೇಕು. ಹೊಟ್ಟಿಗೆ ಅಂತ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸುವುದು ನಮ್ಮಲ್ಲಿ ಮಾಮೂಲು. ಪುಟ್ಟ ಮಕ್ಕಳಿಗೆ ಇದು ಬೇಡವೇ ಬೇಡ. ಕರ್ಪೂರ ಚರ್ಮದಿಂದ, ಅದರಲ್ಲೂ ಗಾಯದ ಚರ್ಮದಿಂದ ಮೈಗೆ ಸೇರುತ್ತದೆ. ಸಣ್ಣ ಮಕ್ಕಳಿಗೆ ಫಿಟ್ಸ್ ಬರಿಸಬಲ್ಲ ವಿಷ ಅದು. ಆ ಬಾಟಲಿಯನ್ನು ಮಗುವಿನ ಕೈಗೆ ಸಿಗುವ ಕಡೆಯೂ ಇಡಬೇಡಿ.

ಹಂತ 5: ಕೆರಳಿಸುವುದನ್ನು ಹುಡುಕಿ ತೆಗೆಯಿರಿ

ಉಣ್ಣೆಯ ಕುಲಾವಿ ನೇರ ತಲೆಗೆ ಬೇಡ, ಒಳಗೆ ತೆಳು ಹತ್ತಿ ಬಟ್ಟೆ ಇರಲಿ. ಸ್ವೆಟರ್‌ಗೂ ಅದೇ. ಉಡಿದಾರ, ಕತ್ತಿನ ಕಪ್ಪು ದಾರ ಒದ್ದೆಯಾಗಿ ಉಜ್ಜುತ್ತಿದ್ದರೆ ಮೈ ವಾಸಿಯಾಗುವ ತನಕ ಬಿಚ್ಚಿಡಿ. ದೃಷ್ಟಿಬೊಟ್ಟನ್ನು ಒರಟಾದ ಕೆನ್ನೆ ಮೇಲೆ ಇಡಬೇಡಿ. ಹೊಸ ಬಟ್ಟೆ ಒಗೆದೇ ಹಾಕಿ. ಉಗುರನ್ನು ವಾರ ವಾರ ಕತ್ತರಿಸಿ. ಸಾಂಬ್ರಾಣಿ, ಊದುಬತ್ತಿ, ಸೊಳ್ಳೆಬತ್ತಿ, ಬೀಡಿ ಸಿಗರೇಟಿನ ಹೊಗೆ ಮಗು ಮಲಗುವ ಕೋಣೆಗೆ ಬರದಿರಲಿ. ಇಂಥ ಮಕ್ಕಳಿಗೆ ಮುಂದೆ ಉಬ್ಬಸ ಬರುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ.

ಬೆವರು ದೊಡ್ಡ ಶತ್ರು. ಆಡಿ ಬಂದ ಮಗುವಿನ ಕತ್ತು, ಮೊಣಕೈ ಮಡಿಕೆಯನ್ನು ಒದ್ದೆ ಬಟ್ಟೆಯಲ್ಲಿ ಒತ್ತಿ, ಮತ್ತೆ ಕ್ರೀಮ್ ಸವರಿ.

ಹಂತ 6: ಜಾಸ್ತಿಯಾದಾಗ ಸ್ಟೀರಾಯ್ಡ್ ಮುಲಾಮು

ಇಲ್ಲಿ ಎರಡು ತಪ್ಪು ನಡೆಯುತ್ತದೆ. ಸ್ಟೀರಾಯ್ಡ್ ಅಂದ ಕೂಡಲೇ ಹೆದರಿ ಡಾಕ್ಟರು ಬರೆದದ್ದನ್ನೂ ಹಚ್ಚದೆ ಮಗುವನ್ನು ತಿಂಗಳುಗಟ್ಟಲೆ ಕೆರೆಯಲು ಬಿಡುವುದು ಒಂದು. ಅಂಗಡಿಯಲ್ಲಿ ಕೇಳಿ ತಂದ ಯಾವುದೋ ಗಟ್ಟಿ ಟ್ಯೂಬನ್ನು ಮುಖಕ್ಕೆ ತಿಂಗಳುಗಟ್ಟಲೆ ಹಚ್ಚುವುದು ಇನ್ನೊಂದು. ಎರಡೂ ಮಗುವಿಗೆ ಕೆಡುಕು.

ಹಗುರ ಎಕ್ಸಿಮಾಗೆ ವೈದ್ಯರು ಸಾಮಾನ್ಯವಾಗಿ ಹೈಡ್ರೋಕಾರ್ಟಿಸೋನ್ 1% ಥರದ ಸೌಮ್ಯ ಮುಲಾಮು ಬರೆಯುತ್ತಾರೆ. ಅವರು ಹೇಳಿದಷ್ಟು ದಿನ ಹಚ್ಚಿದರೆ ಚರ್ಮ ತೆಳುವಾಗುವ ಭಯ ಬೇಡ. ಒರಟು ಹೋಗಿ, ತುರಿಕೆ ನಿಂತ ಮೇಲೂ ಎರಡು ದಿನ ಹಚ್ಚಿ ನಿಲ್ಲಿಸುವುದು ವಾಡಿಕೆ. ಅರ್ಧಕ್ಕೇ ನಿಲ್ಲಿಸಿದರೆ ಮತ್ತೆ ಏಳುತ್ತದೆ.

ಅಳತೆ ಸುಲಭ. ದೊಡ್ಡವರ ತೋರುಬೆರಳಿನ ಕೊನೆಯ ಗೆರೆಯಿಂದ ತುದಿಯವರೆಗೆ ಟ್ಯೂಬಿನಿಂದ ಒಂದು ಎಳೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿ ದೊಡ್ಡವರ ಎರಡು ಅಂಗೈ ಅಗಲಕ್ಕೆ ಅದು ಸರಿಹೋಗುತ್ತದೆ. ಎಕ್ಸಿಮಾ ಎದ್ದ ಜಾಗಕ್ಕೆ ಮಾತ್ರ ಹಚ್ಚಿ. ಮಾಯಿಶ್ಚರೈಸರ್‌ಗೂ ಇದಕ್ಕೂ ನಡುವೆ ಇಪ್ಪತ್ತು ಮೂವತ್ತು ನಿಮಿಷ ಬಿಡಿ.

ಮನೆಯಲ್ಲಿರುವ ಟ್ಯೂಬ್ ತೆಗೆದು ಸಣ್ಣ ಅಕ್ಷರ ಓದಿ. ಕ್ಲೋಬೆಟಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಅಂತ ಇದ್ದರೆ, ಅಥವಾ ಒಂದೇ ಟ್ಯೂಬಿನಲ್ಲಿ ಸ್ಟೀರಾಯ್ಡ್, ಆ್ಯಂಟಿಬಯೋಟಿಕ್, ಫಂಗಸ್ ಔಷಧಿ ಮೂರೂ ಇದ್ದರೆ, ವೈದ್ಯರು ಹೇಳದೆ ಮಗುವಿಗೆ ಮುಟ್ಟಿಸಬೇಡಿ. ಇಂಥ ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು 2018ರಲ್ಲಿ ಕೇಂದ್ರ ಸರ್ಕಾರ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ. ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಎಷ್ಟೋ ಕಡೆ ಕೇಳಿದರೆ ಕೊಡುತ್ತಾರೆ, ಆದ್ದರಿಂದ ಎಚ್ಚರ ನಿಮ್ಮದೇ.

ಹಂತ 7: ಊಟ ಬಿಡಿಸುವ ಮುಂಚೆ

ಬದನೆಕಾಯಿ ನಂಜು, ಮೊಟ್ಟೆ ನಂಜು, ಹಾಲು ನಂಜು ಅಂತ ಒಂದೊಂದಾಗಿ ಬಿಡಿಸುತ್ತಾ ಹೋದರೆ ಮಗು ಸೊರಗುತ್ತದೆ, ಎಕ್ಸಿಮಾ ಇದ್ದಲ್ಲೇ ಇರುತ್ತದೆ. ಹಗುರ ಎಕ್ಸಿಮಾ ಇರುವ ಬಹುಪಾಲು ಮಕ್ಕಳಿಗೆ ಊಟ ಕಾರಣವಲ್ಲ. ಮೊಲೆಹಾಲು ಕುಡಿಸುವ ತಾಯಿಯೂ ತಾನಾಗಿ ಪಥ್ಯ ಮಾಡಬೇಕಿಲ್ಲ. ಒಂದು ಪದಾರ್ಥ ತಿಂದ ಕೆಲವೇ ನಿಮಿಷದಿಂದ ಎರಡು ಗಂಟೆಯೊಳಗೆ ತುಟಿ ಊದಿದರೆ, ಗಂಧೆ ಎದ್ದರೆ, ವಾಂತಿಯಾದರೆ ಆ ಪದಾರ್ಥದ ಹೆಸರು ಬರೆದಿಟ್ಟು ವೈದ್ಯರಿಗೆ ಹೇಳಿ. ಉಸಿರಾಟಕ್ಕೆ ಕಷ್ಟವಾದರೆ ಕೂಡಲೇ ಆಸ್ಪತ್ರೆಗೆ ಓಡಿ. ಸುಮ್ನೆ ನೂರಾರು ಪದಾರ್ಥದ ಅಲರ್ಜಿ ರಕ್ತಪರೀಕ್ಷೆ ಮಾಡಿಸಬೇಡಿ. ಅದರಲ್ಲಿ ಪಾಸಿಟಿವ್ ಬಂದ ಪದಾರ್ಥವನ್ನು ಮಗು ಆರಾಮಾಗಿ ತಿಂದುಕೊಂಡಿರುವುದು ಉಂಟು.

ಯಾವಾಗ ಕಾಯಬಾರದು

ಚರ್ಮದಿಂದ ರಸ ಸೋರಿ ಜೇನು ಬಣ್ಣದ ಹಕ್ಕಳೆ ಕಟ್ಟಿದರೆ, ಕೀವಾದರೆ, ಸುತ್ತ ಬಿಸಿಯಾಗಿ ಊದಿದರೆ ಸೋಂಕು ಆಗಿದೆ, ಡಾಕ್ಟರ್ ಹತ್ತಿರ ಹೋಗಿ. ಒಂದೇ ಗಾತ್ರದ ನೀರುಗುಳ್ಳೆಗಳು ಗುಂಪಾಗಿ ಎದ್ದು, ಒಡೆದು ಗುಂಡಗೆ ಕೊರೆದಂಥ ಹುಣ್ಣಾಗಿ, ನೋವು, ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ರಾತ್ರಿಯಾದರೂ ಸರಿ. ದೊಡ್ಡವರ ತುಟಿಯಲ್ಲಿ ಏಳುವ ಹರ್ಪಿಸ್ ಗುಳ್ಳೆಯ ವೈರಸ್ ಎಕ್ಸಿಮಾ ಚರ್ಮಕ್ಕೆ ಹರಡಿದಾಗ ಹೀಗಾಗುತ್ತದೆ. ಅದಕ್ಕೇ ತುಟಿಯಲ್ಲಿ ಗುಳ್ಳೆ ಇರುವವರು, ಎಷ್ಟೇ ಹತ್ತಿರದವರಾದರೂ, ಮಗುವಿಗೆ ಮುತ್ತು ಕೊಡಬಾರದು.

ಎರಡು ವಾರ ಎಲ್ಲ ಸರಿಯಾಗಿ ಮಾಡಿದರೂ ಇಳಿಯದಿದ್ದರೆ, ನಿದ್ದೆ ಕೆಡುತ್ತಿದ್ದರೆ, ಕಣ್ಣಿನ ಸುತ್ತ ಬಂದಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ. ಜಿಲ್ಲಾ ಆಸ್ಪತ್ರೆ, ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗ ಇರುತ್ತದೆ. ಹೋಗುವಾಗ ಇಲ್ಲಿಯವರೆಗೆ ಹಚ್ಚಿದ ಎಲ್ಲ ಟ್ಯೂಬ್, ಎಣ್ಣೆ, ಸೋಪನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ತುರಿಕೆ ಜಾಸ್ತಿಯಿದ್ದಾಗಿನ ಒಂದು ಫೋಟೋ ಮೊಬೈಲಿನಲ್ಲಿರಲಿ, ತೋರಿಸುವ ದಿನವೇ ಮೈ ಚೆನ್ನಾಗಿರುತ್ತದೆ ಅಲ್ವಾ. ಲಸಿಕೆಗಳನ್ನು ಎಕ್ಸಿಮಾ ನೆಪದಲ್ಲಿ ಮುಂದೂಡಬೇಡಿ.

ಜವಳ, ಅಂಗನವಾಡಿ, ಅಜ್ಜಿ ಮನೆ

ಜವಳ ತೆಗೆಸುವ ದಿನ ಹತ್ತಿರ ಬಂದಿದ್ದು ತಲೆಯಲ್ಲಿ ಹುಣ್ಣು, ಸೋರುವಿಕೆ ಇದ್ದರೆ ವಾಸಿಯಾಗುವವರೆಗೆ ಮುಂದಕ್ಕೆ ಹಾಕಿ. ಬರೀ ಒಣಗಿದ್ದರೆ ಹಿಂದಿನ ದಿನಗಳಲ್ಲಿ ಚೆನ್ನಾಗಿ ಮಾಯಿಶ್ಚರೈಸರ್ ಹಚ್ಚಿ ಕರೆದುಕೊಂಡು ಹೋಗಿ. ಹೊಸ ಬ್ಲೇಡನ್ನು ನಿಮ್ಮ ಕಣ್ಣೆದುರೇ ತೆಗೆಸಿ. ಬೋಳು ತಲೆಗೆ ಗಂಧ, ಅರಿಶಿನ ಬಳಿಯುವ ಪದ್ಧತಿ ಇದ್ದರೆ ಒಂದು ಬೊಟ್ಟು ಇಟ್ಟು ಮುಗಿಸಿ, ಮನೆಗೆ ಬಂದ ಕೂಡಲೇ ಜೆಲ್ಲಿ ಸವರಿ.

ಮಗು ಅಂಗನವಾಡಿಗೋ ಡೇ ಕೇರ್‌ಗೋ ಹೋಗುತ್ತಿದ್ದರೆ ಒಂದು ಸಣ್ಣ ಡಬ್ಬಿ ಕ್ರೀಮ್, ಒಂದು ಹತ್ತಿ ಬಟ್ಟೆ ಚೀಲದಲ್ಲಿಡಿ. ಇದು ಅಂಟುರೋಗ ಅಲ್ಲ, ಪಕ್ಕದ ಮಗುವಿಗೆ ಹರಡುವುದಿಲ್ಲ ಅಂತ ಟೀಚರಿಗೆ ಮೊದಲ ದಿನವೇ ಹೇಳಿ. ಅಜ್ಜಿ ಮನೆಗೆ ಹೊರಟಾಗ ನಿಮ್ಮ ಸೋಪು, ನಿಮ್ಮ ಡಬ್ಬಿ ಜೊತೆಗೇ ಹೋಗಲಿ. ಬೆಳಿಗ್ಗೆ ರಾತ್ರಿ ಹಚ್ಚುವ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದು ಅಲ್ಲಿನ ಬಚ್ಚಲ ಬಾಗಿಲಿಗೆ ಅಂಟಿಸಿ ಬನ್ನಿ.